ಮರಳಿದವರು ಎಲ್ಲಿಗೆ ಮರಳಿದರು?

ದೂರದೇಶಕ್ಕೆ ಹೋಗಿ ಅನಾಥ ಮಕ್ಕಳ ನಡುವೆ ಸೇವೆ ಸಲ್ಲಿಸಿ ಬಂದವರು ಧರ್ಮಕೇಂದ್ರದ ಸಭಾಂಗಣದಲ್ಲಿ ಸಾಕ್ಷ್ಯ ನುಡಿಯುವುದುಂಟು. ಪರದೆಯ ಮೇಲೆ ಛಾಯಾಚಿತ್ರಗಳು ಮೂಡುತ್ತವೆ. ಹೇಳುವವರ ಕಣ್ಣು ತುಂಬಿ ಬರುತ್ತದೆ. ‘ಕೊಡಲೆಂದು ಹೋದೆ, ಪಡೆದುಕೊಂಡು ಬಂದೆ, ನಾನೀಗ ಮೊದಲಿನವನಲ್ಲ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆ ಕಣ್ಣೀರನ್ನು ನಾನು ಸಂಶಯಿಸುವುದಿಲ್ಲ. ಆದರೆ ಪ್ರತಿ ಬಾರಿಯೂ ನನಗೆ ಒಂದು ಹಳೆಯ ಚಲನಚಿತ್ರ ನೆನಪಾಗುತ್ತದೆ. ಅದರ ಬೆನ್ನಿಗೇ ಒಂದು ಪ್ರಶ್ನೆಯೂ ಏಳುತ್ತದೆ.

ಆ ಚಿತ್ರ 1958ರಲ್ಲಿ ತೆರೆಕಂಡ ‘ದಿ ಇನ್ ಆಫ್ ದ ಸಿಕ್ಸ್ತ್ ಹ್ಯಾಪಿನೆಸ್’. ಇಂಗ್ಲೆಂಡಿನ ಗ್ಲಾಡಿಸ್ ಐಲ್‌ವರ್ಡ್ ಎಂಬ ಮಹಿಳೆಯ ಜೀವನವನ್ನು ಆಧರಿಸಿ ಆ್ಯಲನ್ ಬರ್ಜೆಸ್ ಅವರು 1957ರಲ್ಲಿ ಬರೆದ ಕೃತಿಯೇ ಅದಕ್ಕೆ ಆಧಾರ. ನಿರ್ದೇಶಕರು ಮಾರ್ಕ್ ರಾಬ್ಸನ್, ನಾಯಕಿ ಇಂಗ್ರಿಡ್ ಬರ್ಗ್‌ಮನ್. ಗುರುಮಠದ ವಿದ್ಯಾರ್ಥಿಯಾಗಿದ್ದಾಗ ಅದನ್ನು ಮೊದಲು ನೋಡಿದೆ. ನೂರು ಮಕ್ಕಳನ್ನು ಕಟ್ಟಿಕೊಂಡು ನಾಯಕಿ ಬೆಟ್ಟಗಳನ್ನು ದಾಟಿ ಊರು ಪ್ರವೇಶಿಸುವ ದೃಶ್ಯದಲ್ಲಿ ನಾನೂ ಅತ್ತೆ. ಆದರೆ ಮರುದಿನ ಯೋಚಿಸಿದಾಗ ಆ ನೂರರಲ್ಲಿ ಒಂದು ಮಗುವಿನ ಮುಖವೂ ನೆನಪಿಗೆ ಬರಲಿಲ್ಲ. ನಾನು ಅತ್ತದ್ದು ನಾಯಕಿಗಾಗಿ ಮಾತ್ರ.

ಚಿತ್ರಕ್ಕೆ ಅದರದೇ ಗುಣಗಳಿವೆ. ವೇಲ್ಸ್ ಪ್ರಾಂತ್ಯದ ಬೆಟ್ಟಗಳಲ್ಲಿ ಚಿತ್ರೀಕರಿಸಿದ್ದರೂ ಆ ನಡಿಗೆಯ ದಣಿವು ನೋಡುಗನನ್ನು ತಟ್ಟುತ್ತದೆ. ಮ್ಯಾಂಡರಿನ್ ಅಧಿಕಾರಿಯ ಪಾತ್ರದಲ್ಲಿ ರಾಬರ್ಟ್ ಡೊನಾಟ್ ಅವರ ಅಭಿನಯ ಘನವಾದುದು. ಅದೇ ಅವರ ಕೊನೆಯ ಚಿತ್ರವೂ ಹೌದು. ಆದರೂ ಗ್ಲಾಡಿಸ್ ಅವರಿಗೆ ಈ ಚಿತ್ರದಿಂದ ನೋವೇ ಆಯಿತು. ಅವರು ನಡೆಸುತ್ತಿದ್ದ ತಂಗುದಾಣದ ಹೆಸರಿನಲ್ಲಿದ್ದ ಎಂಟು ಸುಖಗಳು ಆರಾದವು. ಚಿಕ್ಕ ಮೈಕಟ್ಟಿನ ಅವರ ಪಾತ್ರಕ್ಕೆ ಎತ್ತರದ ಚೆಲುವೆ ಬಂದರು. ಇವು ಸಣ್ಣ ಮಾತು. ಅವರನ್ನು ನಿಜವಾಗಿ ಘಾಸಿಗೊಳಿಸಿದ್ದು ಚಿತ್ರದ ಪ್ರಣಯ ಪ್ರಸಂಗ. ಕೊನೆಯಲ್ಲಿ ನಾಯಕಿ ಮಕ್ಕಳನ್ನು ಬೇರೆಯವರ ಕೈಗೊಪ್ಪಿಸಿ, ತಾನು ಪ್ರೀತಿಸಿದ ಸೇನಾಧಿಕಾರಿಯಿರುವ ಕಡೆಗೆ ಮರಳುತ್ತಾಳೆ. ಚಿತ್ರದ ಪಾಲಿಗೆ ಮಕ್ಕಳು ದಾಟಬೇಕಾದ ಒಂದು ಬೆಟ್ಟ. ದಾಟಿದ ಮೇಲೆ ಕಥೆ ನಾಯಕಿಯದು.

ನಡೆದದ್ದೇ ಬೇರೆ. 1902ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗ್ಲಾಡಿಸ್ ಮನೆಗೆಲಸದಾಕೆ. ಚೀನೀ ಭಾಷೆ ಕಲಿಯುವ ಶಕ್ತಿ ಸಾಲದೆಂದು ಮಿಷನ್ ಸಂಸ್ಥೆ ಅವರನ್ನು ಹಿಂದಕ್ಕೆ ಕಳುಹಿಸಿತ್ತು. ಸಂಬಳದಲ್ಲಿ ಉಳಿಸಿದ ಹಣದಿಂದ ರೈಲಿನ ಚೀಟಿ ಕೊಂಡು, ಸೈಬೀರಿಯಾದ ಮಾರ್ಗವಾಗಿ ಚೀನಾ ತಲುಪಿದರು. ಮಾರಾಟಕ್ಕಿಟ್ಟಿದ್ದ ಒಬ್ಬ ಹುಡುಗಿಯನ್ನು ಒಂಬತ್ತು ಪೆನ್ನಿಯಷ್ಟು ಹಣ ಕೊಟ್ಟು ಬಿಡಿಸಿ, ‘ನೈನ್‌ಪೆನ್ಸ್’ ಎಂದು ಕರೆದು ಸಾಕಿದರು. 1936ರಲ್ಲಿ ಚೀನಾದ ಪೌರತ್ವವನ್ನೇ ಪಡೆದರು. ಜಪಾನೀ ಆಕ್ರಮಣದ ಕಾಲದಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ಬೆಟ್ಟ ದಾಟಿಸಿ ಸುರಕ್ಷಿತ ಸ್ಥಳ ಸೇರಿಸಿದರು. ಸೇರಿಸಿದ ಮೇಲೆ ಕಠಿಣ ಜ್ವರದಿಂದ ಕುಸಿದರು. 1940ರ ದಶಕದ ಕೊನೆಯಲ್ಲಿ, ಕುಗ್ಗಿದ ಆರೋಗ್ಯದೊಡನೆ ಇಂಗ್ಲೆಂಡಿಗೆ ಹಿಂದಿರುಗಿದರು.

ಚಿತ್ರ ಮುಟ್ಟದೆ ಬಿಟ್ಟದ್ದು ಈ ಹಿಂದಿರುಗುವಿಕೆಯನ್ನು. ನನ್ನ ಮಟ್ಟಿಗೆ ಕಥೆಯ ತಿರುಳು ಅಲ್ಲಿಯೇ ಇದೆ. ತಾಯ್ನಾಡಿನಲ್ಲಿ ಸುಮಾರು ಹತ್ತು ವರ್ಷ ಕಳೆದರೂ ಅವರಿಗೆ ಅದು ಮನೆಯಾಗಲಿಲ್ಲ. ಚೀನಾದ ಹೊಸ ಸರ್ಕಾರ ಬಾಗಿಲು ತೆರೆಯಲಿಲ್ಲ. ಹಾಂಗ್‌ಕಾಂಗ್‌ಗೆ ಹೋಗಿ, ಅಲ್ಲಿಂದ 1958ರಲ್ಲಿ ತೈವಾನ್ ಸೇರಿ ಅನಾಥಾಲಯವೊಂದನ್ನು ಸ್ಥಾಪಿಸಿದರು. 1970ರಲ್ಲಿ ಮೃತರಾಗುವವರೆಗೂ ಆ ಮಕ್ಕಳೊಡನೆಯೇ ಇದ್ದರು. ತೆರೆಯ ಮೇಲಿನ ಗ್ಲಾಡಿಸ್ ಮಕ್ಕಳನ್ನು ಬಿಟ್ಟು ಪ್ರಿಯನ ಕಡೆಗೆ ಹೊರಟ ವರ್ಷವೇ ನಿಜವಾದ ಗ್ಲಾಡಿಸ್ ಮತ್ತೆ ಮಕ್ಕಳ ಕಡೆಗೆ ಹೊರಟಿದ್ದರು! ಅವರು ನಮ್ಮ ಕಥೋಲಿಕ ಧರ್ಮಸಭೆಯವರಲ್ಲ. ಆದರೆ ಸುವಾರ್ತೆಯನ್ನು ಬಾಳಿ ತೋರಿಸಿದವರು ಎಲ್ಲರಿಗೂ ಗುರುಗಳೇ.

ಈ ಚಿತ್ರದ ದೋಷವೇ ನಮ್ಮ ಸಾಕ್ಷ್ಯಗಳ ದೋಷವೂ ಆಗಿದೆ. ನಮ್ಮ ಕಥನದಲ್ಲಿ ಮಗು ಒಂದು ಕನ್ನಡಿ. ಅದರಲ್ಲಿ ನಾವು ಕಾಣುವುದು ನಮ್ಮದೇ ಮುಖವನ್ನು. ಅನಾಥಾಲಯಗಳಲ್ಲಿರುವ ಅನೇಕ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಅವರನ್ನು ಅಲ್ಲಿಗೆ ತಂದದ್ದು ಬಡತನ. ಎರಡು ವಾರ ಬಂದು, ಎತ್ತಿ ಮುದ್ದಾಡಿ ಹೊರಟುಹೋಗುವ ಅತಿಥಿ ಆ ಮಗುವಿನ ಪಾಲಿಗೆ ಇನ್ನೊಂದು ಅಗಲಿಕೆ. ‘ನಾನು ಬದಲಾದೆ’ ಎಂದು ನಾವು ಹೇಳುವಾಗ ಮಗುವಿಗೆ ಏನಾಯಿತೆಂದು ಕೇಳುವವರು ಯಾರು?

ಎಲ್ಲರೂ ತೈವಾನಿಗೆ ಹೋಗಬೇಕೆಂದು ಇದರರ್ಥವಲ್ಲ. ಹಿಂದಿರುಗಿದವರಿಗೆ ಮನೆಯಲ್ಲಿಯೇ ಕೆಲಸವಿದೆ. ಬಡತನದಿಂದ ಮಗುವನ್ನು ದೂರ ಕಳುಹಿಸಲು ಹೊರಟ ನೆರೆಮನೆಯ ತಾಯಿಗೆ ಆಸರೆಯಾಗಬಹುದು. ತಂದೆಯನ್ನು ಕಳೆದುಕೊಂಡ ಹುಡುಗನ ಶಾಲೆಯ ಶುಲ್ಕವನ್ನು ಸದ್ದಿಲ್ಲದೆ, ಒಂದು ವರ್ಷವಲ್ಲ, ಹತ್ತು ವರ್ಷ ಕಟ್ಟಬಹುದು. ಬದಲಾವಣೆಯ ಪ್ರಮಾಣಪತ್ರ ಬರೆಯುವುದು ಭಾಷಣವಲ್ಲ, ಈ ಹತ್ತು ವರ್ಷಗಳು.

ಮೂಡಣ ದೇಶದ ಜ್ಞಾನಿಗಳೂ ಒಂದು ಮಗುವನ್ನು ಕಾಣಲು ಪರದೇಶಕ್ಕೆ ಹೋದವರೇ. ಅವರ ಆನಂದಬಾಷ್ಪದ ವರ್ಣನೆಯನ್ನು ಮತ್ತಾಯನು ನಮಗೆ ಕೊಡುವುದಿಲ್ಲ. ಅವರು ಹೆರೋದನ ಕಡೆಗೆ ಹೋಗದೆ ಬೇರೆ ದಾರಿ ಹಿಡಿದು ಊರು ಸೇರಿದರೆಂದಷ್ಟೇ ತಿಳಿಸುತ್ತಾನೆ. ಹಾಗೆ ದಾರಿ ಬದಲಿಸಿದ್ದರಿಂದ ಮಗುವಿನ ಪ್ರಾಣ ಉಳಿಯಿತು. ನಮ್ಮ ದಾರಿಗಳೂ ಬದಲಾಗಲಿ.