ಬಳಲಿಕೆಯನ್ನು ಗೆದ್ದ ಮೇಲೆ: ಎವಾಗ್ರಿಯುಸರ ‘ಪ್ರಾಕ್ಟಿಕೋಸ್’ – ಒಂದು ವಿಮರ್ಶೆ

ಬಳಲಿಕೆ, ಗರ್ವ, ಎದೆಗುಂದುವಿಕೆ ಇವು ಮೂರನ್ನೂ ನಾವು ಬೇರೆ ಬೇರೆ ರೋಗಗಳೆಂದು ಭಾವಿಸುತ್ತೇವೆ. ದಣಿದವನಿಗೆ ವಿಶ್ರಾಂತಿ, ಗರ್ವಿಷ್ಠನಿಗೆ ಗದರಿಕೆ, ಎದೆಗುಂದಿದವನಿಗೆ ಸಾಂತ್ವನ. ಇದು ರೂಢಿಯ ಚಿಕಿತ್ಸೆ. ನಾಲ್ಕನೆಯ ಶತಮಾನದ ಮರುಭೂಮಿ ತಪಸ್ವಿ, ಪೊಂತಸಿನ ಎವಾಗ್ರಿಯುಸರು ‘ಪ್ರಾಕ್ಟಿಕೋಸ್’ ಎಂಬ ನೂರು ಕಿರು ಅಧ್ಯಾಯಗಳ ಕೃತಿಯಲ್ಲಿ ಇವನ್ನು ಒಂದೇ ಸರಪಣಿಯ ಕೊಂಡಿಗಳಾಗಿ ಕಾಣುತ್ತಾರೆ. ಕೃತಿಯ ನಿಜವಾದ ಬೆಲೆ ಈ ಒಳನೋಟದಲ್ಲಿದೆ.

ಎವಾಗ್ರಿಯುಸರು ಮೊದಲು ಕಾನ್‌ಸ್ಟಾಂಟಿನೋಪಲಿನಲ್ಲಿ ವಾಕ್ಚಾತುರ್ಯಕ್ಕೆ ಹೆಸರಾದ ಡೀಕನ್ ಆಗಿದ್ದರು. ಅನಂತರ ಈಜಿಪ್ಟಿನ ನಿತ್ರಿಯಾ ಹಾಗೂ ಕೆಲ್ಲಿಯಾಗಳಲ್ಲಿ ತಪಸ್ಸಿನಲ್ಲಿದ್ದು 399ರಲ್ಲಿ ತೀರಿಕೊಂಡರು. ಕೀರ್ತಿಯನ್ನೂ ಏಕಾಂತವನ್ನೂ ಬಲ್ಲವರ ಬರಹವಿದು.

ಗ್ರೀಕರು ‘ಅಕೀಡಿಯಾ’ ಎಂದ ಬಳಲಿಕೆಯನ್ನು ಅವರು ಮಧ್ಯಾಹ್ನದ ದೆವ್ವವೆಂದು ಗುರುತಿಸುತ್ತಾರೆ. ಹೊತ್ತು ಏರಿದಂತೆ ಸೂರ್ಯ ನಿಂತೇಬಿಟ್ಟನೆಂದು ತಪಸ್ವಿಗೆ ತೋರುತ್ತದೆ. ಕಣ್ಣು ಕಿಟಕಿಯತ್ತ ಹೋಗುತ್ತದೆ. ಇರುವ ಸ್ಥಳ, ಮಾಡುವ ಕೆಲಸ ಎರಡೂ ಬೇಡವಾಗುತ್ತವೆ. ಸಹೋದರರಲ್ಲಿ ಪ್ರೀತಿಯೇ ಬತ್ತಿತೆನಿಸುತ್ತದೆ. ದೇವರನ್ನು ಬೇರೆಡೆಯೂ ಮೆಚ್ಚಿಸಬಹುದಲ್ಲ ಎಂಬ ವಾದ ಹುಟ್ಟುತ್ತದೆ. ನಮ್ಮ ‘ಸೋಮಾರಿತನ’ ಎಂಬ ಪದ ಈ ಅರ್ಥವನ್ನು ಹೊರಲಾರದು. ವರ್ಗಾವಣೆಗಾಗಿ ಹಂಬಲಿಸುತ್ತಾ ಬಿಡುವಿಲ್ಲದೆ ಓಡಾಡುವ ಯಾಜಕನೂ ಇದರ ಸೆರೆಯಾಳಾಗಿರಬಹುದು.

ಮುಂದಿನ ಹೆಜ್ಜೆ ಇನ್ನೂ ಸೂಕ್ಷ್ಮವಾದುದು. ಅಕೀಡಿಯಾವನ್ನು ಸಹಿಸಿ ನಿಂತವನಿಗೆ ಶಾಂತಿಯೂ ಆನಂದವೂ ದೊರೆಯುತ್ತವೆ. ಆದರೆ ಎಂಟು ದುರಾಲೋಚನೆಗಳ ಅವರ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ವ್ಯರ್ಥಕೀರ್ತಿ ಮತ್ತು ಗರ್ವ ಉಳಿದಿವೆ. ಇತರ ದೆವ್ವಗಳ ಸೋಲೇ ವ್ಯರ್ಥಕೀರ್ತಿಗೆ ಆಹಾರ. ಅದರ ವಶವಾದ ತಪಸ್ವಿ ತನ್ನ ಬಾಗಿಲಲ್ಲಿ ಜನ ನೆರೆದಂತೆ, ತನಗೆ ಬಲವಂತದಿಂದ ಗುರುಪಟ್ಟ ಕಟ್ಟಿದಂತೆ ಕನಸು ಕಾಣುತ್ತಾನೆ. ಕನಸು ಒಡೆದಾಗ ದುಃಖ ಮುತ್ತುತ್ತದೆ. ಗರ್ವವಾದರೋ ದೇವರ ಸಹಾಯವನ್ನೇ ಅಲ್ಲಗಳೆದು, ಸತ್ಕಾರ್ಯಕ್ಕೆಲ್ಲ ತಾನೇ ಕಾರಣವೆಂದು ನಂಬಿಸಿ, ಕೊನೆಗೆ ಕ್ರೋಧಕ್ಕೂ ದುಃಖಕ್ಕೂ ತಳ್ಳುತ್ತದೆ. ಹೀಗೆ ಎದೆಗುಂದುವಿಕೆ ಎಷ್ಟೋ ಸಲ ಗರ್ವದ ಫಲವೇ ಆಗಿರುತ್ತದೆ. ಅಂಥವನಿಗೆ ಹೊಗಳಿಕೆಯ ಸಾಂತ್ವನ ನೀಡಿದರೆ ರೋಗಕ್ಕೇ ಉಣಿಸಿದಂತಾದೀತು.

ಕೃತಿಯ ಮಿತಿಗಳನ್ನೂ ಹೇಳಬೇಕು. ಮೊದಲನೆಯದು, ದೇಹದ ದಣಿವಿಗೂ ಆತ್ಮದ ಜಡತೆಗೂ ಇರುವ ಅಂತರ ಇಲ್ಲಿ ಸಾಕಷ್ಟು ಸ್ಪಷ್ಟವಾಗಿಲ್ಲ. ಸಾವನ್ನು ಬೇಡಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ತಂದದ್ದು ರೊಟ್ಟಿ ಮತ್ತು ನೀರು. ಹೋರೇಬಿನ ಪ್ರಶ್ನೆ ಬಂದದ್ದು ಆಮೇಲೆ. ಹಲವು ಉಪಕೇಂದ್ರಗಳ ಭಾರ ಹೊತ್ತು ನಿದ್ದೆಗೆಟ್ಟ ಧರ್ಮಕೇಂದ್ರದ ಗುರುವಿಗೆ ‘ಗುಡಿಸಲು ಬಿಟ್ಟು ಕದಲಬೇಡ’ ಎಂಬ ಬೋಧನೆ ಮಾತ್ರ ಸಾಲದು. ಆದರೂ ಗ್ರಂಥವೇ ಒಂದು ತಿದ್ದುಪಡಿಯನ್ನು ಒಳಗೊಂಡಿದೆ: ನಾಳೆಯೇ ಸಾಯುವವನಂತೆ ಸಿದ್ಧನಿರು, ದೇಹವನ್ನಾದರೋ ಬಹುಕಾಲ ಬಾಳಬೇಕಾದುದೆಂದು ನಡೆಸಿಕೋ ಎಂಬ ತಮ್ಮ ಗುರುವಿನ ಉಪದೇಶವನ್ನು ಎವಾಗ್ರಿಯುಸರು ದಾಖಲಿಸುತ್ತಾರೆ.

ಎರಡನೆಯದು, ಸಂತ ಜೆರೋಮರ ಆಕ್ಷೇಪ. ‘ಅಪಾಥೆಯಾ’ ಎಂಬ ನಿರ್ವಿಕಾರ ಸ್ಥಿತಿಯ ಬೋಧನೆ ಮಾನವನ ಪಾಪಸ್ಥಿತಿಯನ್ನು ಮರೆಸುತ್ತದೆಂದು ಅವರು ಕಟುವಾಗಿ ಬರೆದರು. ಎಚ್ಚರಿಕೆ ಸಕಾರಣವೇ. ಸಾಧನೆಯ ಮೆಟ್ಟಿಲುಗಳನ್ನು ಎಣಿಸುವ ಓದುಗ ವರಪ್ರಸಾದವನ್ನು ಮರೆಯಬಲ್ಲ. ಆದರೆ ಮುಂದುವರಿದವನನ್ನೇ ವ್ಯರ್ಥಕೀರ್ತಿ ಹೆಚ್ಚು ಕಾಡುತ್ತದೆಂದು ಎಚ್ಚರಿಸುವ ಲೇಖಕ ಆ ಮರೆವಿಗೆ ಆಸ್ಪದ ಕೊಡುವುದಿಲ್ಲ.

ಮಹಾ ಗ್ರೆಗೋರಿಯವರು ದುರಾಲೋಚನೆಗಳ ಪಟ್ಟಿಯನ್ನು ಪುನರ್ರಚಿಸಿದಾಗ ಅಕೀಡಿಯಾ ದುಃಖದೊಳಗೆ ಬೆರೆತುಹೋಯಿತು. ಸಂತ ಥಾಮಸ್ ಅಕ್ವಿನಾಸರು ಅದನ್ನು ದೈವಿಕ ಒಳಿತಿನ ಕುರಿತ ದುಃಖವೆಂದು ವಿವರಿಸಿ, ದೈವಪ್ರೀತಿಯಿಂದ ಹುಟ್ಟುವ ಆನಂದಕ್ಕೆ ಅದು ವಿರುದ್ಧವೆಂದು ತೋರಿಸಿದರು. ಈ ವ್ಯಾಖ್ಯೆಯೊಡನೆ ಓದಿದಾಗ ‘ಪ್ರಾಕ್ಟಿಕೋಸ್’ ಗುರುಮಠದ ಅಭ್ಯರ್ಥಿಗಳಿಗೆ ಇಂದಿಗೂ ಉಪಯುಕ್ತ. ಪ್ರಾರ್ಥನೆ ಒಣಗಿದ ದಿನ ಅವರು ತಮ್ಮ ಕರೆಯನ್ನೇ ಶಂಕಿಸಬೇಕಾಗಿಲ್ಲ. ಅದು ಮತ್ತೆ ಚಿಗುರಿದ ದಿನ ತಮ್ಮನ್ನೇ ಅಭಿನಂದಿಸಿಕೊಳ್ಳಲೂಬಾರದು. ಎರಡೂ ದಿನ ಅದೇ ಕೀರ್ತನೆಗಳನ್ನು ಹಾಡಿ ಅದೇ ಸಹಾಯವನ್ನು ಬೇಡುವುದೇ ನಿಷ್ಠೆ.