ಶೋಕೇಸಿನೊಳಗಿನ ಸೂರ್ಯ

ಬೆಲ್ ಪ್ರಯೋಗಾಲಯದವರು 1954ರ ಏಪ್ರಿಲ್‌ನಲ್ಲಿ ಸಿಲಿಕಾನ್ ಸೌರಕೋಶವನ್ನು ಲೋಕಕ್ಕೆ ತೋರಿಸಿದಾಗ ಅದು ತಿರುಗಿಸಿದ್ದು ಜಾತ್ರೆಯ ರಾಟೆತೊಟ್ಟಿಲಿನಂಥ ಒಂದು ಪುಟ್ಟ ಆಟಿಕೆಯನ್ನು. ಮೂರು ವರ್ಷದ ಮೇಲೆ, ಅಲ್ಯೂಮಿನಿಯಂ ಕಂಪನಿ ಅಲ್ಕೋವಾಗಾಗಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಇನ್ನೊಂದು ಆಟಿಕೆ ಕಟ್ಟಿದರು. ಬಿಸಿಲು ಬಿದ್ದರೆ ಬಣ್ಣಬಣ್ಣದ ಚಕ್ರಗಳು ತಿರುಗುತ್ತವೆ, ಅಷ್ಟೇ. ಹೆಸರಿನಲ್ಲೇ ‘ಏನೂ ಮಾಡದ ಯಂತ್ರ’. ಸೌರವಿದ್ಯುತ್ತು ಮನೆ ಬೆಳಗುವುದಕ್ಕೆ ಎಷ್ಟೋ ಮೊದಲೇ ಹೀಗೆ ಆಟಕ್ಕೆ ಇಳಿದಿತ್ತು. ಆದ್ದರಿಂದ ಕೈಯಾರೆ ಬೆಸುಗೆ ಹಾಕಿ, ಹೆಂಡತಿಗೋ ಗೆಳೆಯನಿಗೋ ಮೊಮ್ಮಗಳಿಗೋ ಕೊಡುವ ಸೌರ ಆಟಿಕೆಯನ್ನು ‘ಇದರಿಂದೇನು ಉಪಯೋಗ’ ಎಂದು ತೂಗುವುದು ಸರಿಯಲ್ಲ. ಅದನ್ನು ತೂಗಬೇಕಾದ ತಕ್ಕಡಿ ಬೇರೆ: ಮಾಡಿದವನ ಮೇಜಿನ ಮೇಲೆ ಮಿನುಗಿದ್ದು ಪಡೆದವರ ಮನೆಯಲ್ಲೂ ಮಿನುಗುತ್ತದೆಯೇ?

ಬಹುಪಾಲು ಮಿನುಗುವುದಿಲ್ಲ. ಕಾರಣ ಸರಳ. ನಡುಹಗಲ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಸಂಜೆ ಹಜಾರದ ಟ್ಯೂಬ್‌ಲೈಟಿನ ಕೆಳಗೆ 200 ಲಕ್ಸ್ ಸಿಕ್ಕರೆ ಹೆಚ್ಚು. ನಮ್ಮ ಕಣ್ಣು ಎರಡಕ್ಕೂ ಒಗ್ಗಿಕೊಳ್ಳುವುದರಿಂದ ಐನೂರು ಪಟ್ಟಿನ ಈ ಅಂತರ ಮನಸ್ಸಿಗೆ ತಟ್ಟುವುದೇ ಇಲ್ಲ, ಸೌರಕೋಶಕ್ಕೆ ತಟ್ಟುತ್ತದೆ. ಅದರ ಮೇಲೆ ನಮ್ಮ ಮನೆಗಳ ಪದ್ಧತಿಯೊಂದಿದೆ: ಬೆಲೆಬಾಳುವ ಉಡುಗೊರೆ ಹೋಗಿ ಕೂರುವುದು ಶೋಕೇಸಿನೊಳಗೆ. ಚನ್ನಪಟ್ಟಣದ ಗೊಂಬೆ, ಶಾಲೆಯ ಟ್ರೋಫಿ, ಯಾರೋ ತಂದ ತಾಜಮಹಲು, ಅವುಗಳ ಹಿಂದೆ ಇದು. ಮನೆಯಲ್ಲಿ ಅದಕ್ಕಿಂತ ಕತ್ತಲ ಜಾಗ ಅಟ್ಟ ಒಂದೇ. ಪ್ರೀತಿ ಹೆಚ್ಚಾದಷ್ಟೂ ಸೌರ ಉಡುಗೊರೆ ಬೇಗ ಸಾಯುವುದು ಹೀಗೆ.

ಈ ಕಲೆಯಲ್ಲಿ ನನಗೆ ಅತಿ ಜಾಣತನದ್ದೆನಿಸುವುದು ‘ಸೋಲಾರ್ ಎಂಜಿನ್’. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಟಿಲ್ಡನ್ 1980ರ ದಶಕದ ಕೊನೆಗೆ ಶುರುಮಾಡಿದ ‘ಬೀಮ್’ ರೋಬೋಗಳ ಜೀವಾಳ ಅದು. ಎರಡು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ತಾನೇ ಮಿಟುಕುವ ಒಂದು ಎಲ್‌ಇಡಿ, ಒಂದು ಕೆಪಾಸಿಟರ್, ಹಾಳಾದ ಟೇಪ್‌ರೆಕಾರ್ಡರಿನಿಂದ ಕಿತ್ತ ಒಂದು ಮೋಟಾರು. ಮೈಕ್ರೋಕಂಟ್ರೋಲರೂ ಇಲ್ಲ, ಪ್ರೋಗ್ರಾಮೂ ಇಲ್ಲ, ಬ್ಯಾಟರಿಯೂ ಇಲ್ಲ. ಸೋರುವ ನಲ್ಲಿಯ ಕೆಳಗಿಟ್ಟ ಬಿಂದಿಗೆ ತುಂಬಿದೊಡನೆ ತಾನೇ ಮಗುಚಿ ಮತ್ತೆ ನೆಟ್ಟಗೆ ನಿಂತಂತೆ ಇದರ ಕೆಲಸ. ಕೆಪಾಸಿಟರ್ ಮೆಲ್ಲಗೆ ತುಂಬುತ್ತದೆ. ಎರಡೂವರೆ ಮೂರು ವೋಲ್ಟಿಗೆ ಬಂದಾಗ ಕಾವಲಿನ ಎಲ್‌ಇಡಿ ಮಿಟುಕಿ ಟ್ರಾನ್ಸಿಸ್ಟರ್ ಬಾಗಿಲು ತೆರೆಯುತ್ತದೆ. ಕೂಡಿಟ್ಟದ್ದೆಲ್ಲ ಒಮ್ಮೆಗೇ ಮೋಟಾರಿಗೆ ಹರಿದು, ಗೊಂಬೆ ಕತ್ತು ಹೊರಳಿಸಿ ಸುಮ್ಮನಾಗುತ್ತದೆ.

ಲೆಕ್ಕ ಹಾಕಿ ನೋಡಬಹುದು. ಬಿಸಿಲಲ್ಲಿ 10 ಮಿಲಿಆಂಪಿಯರ್ ಕೊಡುವ ಅಂಚೆಚೀಟಿ ಗಾತ್ರದ ಫಲಕ ಹಜಾರದಲ್ಲಿ ಕೊಡುವುದು 20 ಮೈಕ್ರೋಆಂಪಿಯರಿನ ಆಸುಪಾಸು. 4700 ಮೈಕ್ರೋಫ್ಯಾರಡಿನ ಕೆಪಾಸಿಟರ್ 3 ವೋಲ್ಟಿಗೆ ತುಂಬಲು ಅಲ್ಲಿ ಹನ್ನೆರಡು ನಿಮಿಷ ಬೇಕು. ಅಂದರೆ ಕಿಟಕಿಯಲ್ಲಿ ಒಂದೆರಡು ಸೆಕೆಂಡಿಗೊಮ್ಮೆ ತಲೆಯಾಡಿಸುತ್ತಿದ್ದ ಗೊಂಬೆ ಹಜಾರದಲ್ಲಿ ಗಂಟೆಗೆ ಐದು ಸಲ ಮಾತ್ರ ತಲೆಯಾಡಿಸುತ್ತದೆ. ಅದೂ ಕೆಪಾಸಿಟರ್ ಸೋರದಿದ್ದರೆ. ಬರುವುದೂ ಸೋರುವುದೂ ಸಮವಾದರೆ ಗೊಂಬೆಗೆ ಎಚ್ಚರವೇ ಇಲ್ಲ. ಸ್ಫಟಿಕ ಸಿಲಿಕಾನಿನ ಫಲಕ ಮಂದಬೆಳಕಿನಲ್ಲಿ ಈ ಲೆಕ್ಕಕ್ಕಿಂತಲೂ ಕೆಳಗಿಳಿಯುತ್ತದೆ. ಒಳಾಂಗಣಕ್ಕೆ ಒದಗುವುದು ಕ್ಯಾಲ್ಕುಲೇಟರಿನ ಕಂದುಪಟ್ಟಿ, 1980ರಲ್ಲಿ ಜಪಾನಿನ ಸ್ಯಾನ್ಯೋ ಮಾರುಕಟ್ಟೆಗೆ ತಂದ ಅಮಾರ್ಫಸ್ ಸಿಲಿಕಾನಿನ ಜಾತಿಯದು. ನೋಡಲು ಬಡಕಲು. ಉಡುಗೊರೆ ಮಾಡುವವರು ಮಿರುಗುವ ನೀಲಿ ಫಲಕಕ್ಕೇ ಮರುಳಾಗುತ್ತಾರೆ.

ಗಂಟೆಗೆ ಐದು ಸಲ ಎಂಬುದನ್ನು ನಾನು ಸೋಲೆಂದು ಎಣಿಸುವುದಿಲ್ಲ. ಯಾವಾಗ ಅಲ್ಲಾಡುತ್ತದೋ ತಿಳಿಯದ ವಸ್ತು ಮನೆಯವರ ಗಮನವನ್ನು ಹಿಡಿದಿಡುತ್ತದೆ. ಸದಾ ಕುಣಿಯುವ ಗೊಂಬೆಯನ್ನು ಮೂರನೆಯ ದಿನಕ್ಕೆ ಯಾರೂ ನೋಡುವುದಿಲ್ಲ. ಮಲೆನಾಡಿನ ಆಷಾಢದಲ್ಲಿ ವಾರಗಟ್ಟಲೆ ಮಲಗಿದ್ದು, ಮೋಡ ಸರಿದ ಮಧ್ಯಾಹ್ನ ತಾನಾಗಿ ಎದ್ದರೆ ಅದಕ್ಕೆ ಬೇರೆ ಕಳೆ. ಹಳೆಯ ಹೆಂಚಿನ ಮನೆಯ ಬೆಳಕಿಂಡಿಯಿಂದ ನೆಲಕ್ಕೆ ಬೀಳುವ ಬಿಸಿಲಿನ ಬಿಲ್ಲೆ ದಿನವಿಡೀ ಜರುಗುತ್ತದಲ್ಲ, ಅದು ಹಾಯುವ ದಾರಿಯಲ್ಲಿಟ್ಟರೆ ದಿನಕ್ಕೊಮ್ಮೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ಗೊಂಬೆ ಏಳುತ್ತದೆ. ಇಂಥ ಜಾಗ ಮೊದಲು ನೋಡಿ ಆಮೇಲೆ ಸರ್ಕ್ಯೂಟು ಬರೆಯುವವನು ನಿಜವಾದ ಕುಶಲಿ.

ಇದರ ಎದುರು ಮಿಂಚುಹುಳುವಿನ ಜಾಡಿ ನನಗೆ ರುಚಿಸದು. ತೋಟದ ಸೌರದೀಪವನ್ನು ಬಿಚ್ಚಿ, ಅದರ ನಾಲ್ಕು ಕಾಲಿನ ಚಿಪ್ಪನ್ನೂ 1.2 ವೋಲ್ಟಿನ ನಿಕಲ್ ಸೆಲ್ಲನ್ನೂ ಗಾಜಿನ ಭರಣಿಗೆ ತುಂಬುವ ಕೆಲಸ ಅದು. ಮೊದಲ ರಾತ್ರಿ ಸೊಗಸು, ಸಂಶಯವಿಲ್ಲ. ಆದರೆ ಪ್ರತಿದಿನ ಅದನ್ನು ಬಿಸಿಲಿಗಿಟ್ಟು ಒಳಗೆ ತರುವ ಚಾಕರಿ ಪಡೆದವರ ತಲೆಗೆ, ಕೆಲವೇ ವರ್ಷಕ್ಕೆ ಸೆಲ್ಲಿನ ಕಥೆಯೂ ಮುಗಿಯುತ್ತದೆ. ಕೊಟ್ಟವರ ಮನಸ್ಸು ನೋಯಬಾರದೆಂದು ಖಾಲಿ ಭರಣಿಯನ್ನು ಒರೆಸಿ ಇಡುವವರನ್ನು ಕಂಡಿದ್ದೇನೆ.

ಇನ್ನು ಅಂದದ ಮಾತು. ಮೋಹಿತ್ ಭೋಯಿಟೆ ಹಿತ್ತಾಳೆ ತಂತಿಯನ್ನೇ ಚೌಕಟ್ಟಾಗಿಸಿ, ಬೋರ್ಡಿಲ್ಲದೆ, ಗಾಳಿಯಲ್ಲಿ ತೂಗಿದಂತೆ ಕಟ್ಟುವ ಸರ್ಕ್ಯೂಟ್ ಶಿಲ್ಪಗಳು ಈ ದಾರಿಯವರಿಗೆಲ್ಲ ಮಾದರಿ. ಅವರಿಗಿಂತ ಹಿಂದೆಯೇ ಜರ್ಮನಿಯ ಪೀಟರ್ ವೋಗೆಲ್ ತಂತಿ, ಬಿಡಿಭಾಗಗಳನ್ನು ಮುಚ್ಚದೆ ನಿಲ್ಲಿಸಿ, ನೋಡುವವರ ನೆರಳಿಗೆ ದನಿಗೊಡುವ ಶಿಲ್ಪ ಮಾಡಿದ್ದರು. ಬಚ್ಚಿಡದ ಈ ಗುಣ ಉಡುಗೊರೆಗೆ ತುಂಬ ಒಪ್ಪುತ್ತದೆ: ಪಟ್ಟ ಶ್ರಮ ಕಣ್ಣಿಗೆ ಕಾಣುತ್ತದೆ, ಬಾಯಿಬಿಟ್ಟು ಹೇಳಬೇಕಿಲ್ಲ. ತೊಡಕು ಇರುವುದು ಧೂಳಿನಲ್ಲಿ. ಒರೆಸುವ ಬಟ್ಟೆಗೆ ಸಿಕ್ಕಿದ ತಂತಿ ಬಾಗುತ್ತದೆ, ಕರಾವಳಿಯ ಉಪ್ಪುಗಾಳಿಗೆ ಹಿತ್ತಾಳೆ ಕಪ್ಪಿಡುತ್ತದೆ. ಗಾಜಿನ ಗುಮ್ಮಟ ಮುಚ್ಚಿದರೆ ಒಂದಿಷ್ಟು ಬೆಳಕು ಖೋತಾ, ಆದರೂ ಮುಚ್ಚುವುದೇ ಮೇಲು. ಮಗುವಿಗೆ ಕೊಡುವುದಾದರೆ ಸೀಸವಿಲ್ಲದ ಬೆಸುಗೆ. ಹೃದಯದಾಕಾರಕ್ಕೆ ನಾನು ಸಾಮಾನ್ಯವಾಗಿ ಮುಖ ಸಿಂಡರಿಸುವವನು, ಆದರೆ ವಿದ್ಯುತ್ತಿನ ಲೆಕ್ಕ ಅದರ ಪರವಾಗಿದೆ: ಕೆಂಪು ಎಲ್‌ಇಡಿ 1.8 ವೋಲ್ಟಿಗೇ ಹೊತ್ತುತ್ತದೆ, ನೀಲಿ ಬಿಳಿಗಳು 3 ವೋಲ್ಟು ಕೇಳುತ್ತವೆ.

ಒಂದು ಕೊರತೆಯನ್ನಂತೂ ಎಲ್ಲ ಮಾದರಿಗಳಲ್ಲೂ ಕಾಣುತ್ತೇನೆ. ಕೆಟ್ಟರೆ ಏನು ಮಾಡಬೇಕೆಂದು ಯಾರೂ ಬರೆದು ಕೊಡುವುದಿಲ್ಲ. ಪ್ರೇಮಪತ್ರ ಇರುತ್ತದೆ, ಸರ್ಕ್ಯೂಟಿನ ಚಿತ್ರ ಇರುವುದಿಲ್ಲ. ಪೀಠದ ಅಡಿಗೆ ಒಂದು ಚೀಟಿ ಅಂಟಿಸಿದ್ದರೆ ಮುಂದೊಂದು ದಿನ ಬೆಂಗಳೂರಿನ ಎಸ್‌.ಪಿ. ರಸ್ತೆಯ ಯಾವುದಾದರೂ ಬಿಡಿಭಾಗದ ಅಂಗಡಿಯಲ್ಲಿ ಅದನ್ನು ತೋರಿಸಬಹುದು. ಟುಎನ್ 3904 ಟ್ರಾನ್ಸಿಸ್ಟರ್ ಸಿಗದಿದ್ದರೆ ಬಿಸಿ 547 ಹಾಕಿದರೂ ನಡೆಯುತ್ತದೆ. ಕಾಲುಗಳ ಕ್ರಮ ಮಾತ್ರ ತಿರುವುಮುರುವು, ಅದನ್ನೂ ಚೀಟಿಯಲ್ಲಿ ಬರೆದಿರಬೇಕು.