ಸಂಶೋಧನಕ್ಕೆ ರಾಜದ್ರವ್ಯ: ಒಂದು ವಿಮರ್ಶೆ

ಕೇಂದ್ರ, ರಾಜ್ಯ, ಉದ್ಯಮ—ಈ ಮೂರರ ಸಂಶೋಧನಕಾರ್ಯವನ್ನು ಒಂದುಗೂಡಿಸುವ ಉದ್ದೇಶದಿಂದ 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನದ ಅಧಿನಿಯಮವು ಹುಟ್ಟಿತು. ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಗಳ ಅಂದಾಜು. ಅದರಲ್ಲಿ ಸರ್ಕಾರದ ಪಾಲು 14,000 ಕೋಟಿ, ಮಿಕ್ಕುದು ಉದ್ಯಮಿಗಳು, ದಾನಿಗಳು ಮೊದಲಾದವರಿಂದ ಬರತಕ್ಕುದು. ಲಾಭವನ್ನೆಣಿಸುವ ಉದ್ಯಮಿಯು ತಾಳೆಯೋಲೆಗೆ ಹಣ ಕೊಡುವನೇ ಎಂಬುದು ವಿಚಾರಾರ್ಹ. ಅಧಿನಿಯಮದ ಪ್ರಕಾರ ಮಾನವಿಕ ಶಾಸ್ತ್ರಗಳಿಗೆ ವಿಜ್ಞಾನ ತಂತ್ರಜ್ಞಾನಗಳೊಡನೆ ಸಂಧಿಸುವೆಡೆಯಲ್ಲಿ ಮಾತ್ರ ಪ್ರವೇಶವುಂಟು. ಓಲೆಯ ಛಾಯಾಗ್ರಹಣಕ್ಕೆ ದ್ರವ್ಯವು ದೊರೆತೀತು. ಪಾಠಾಂತರಗಳನ್ನು ತೂಗಿ ಶುದ್ಧಪಾಠವನ್ನು ನಿರ್ಣಯಿಸುವ ಪಂಡಿತನಿಗೆ ದೊರೆಯುವುದು ಸಂಶಯ. ಪ್ರತಿಷ್ಠಾನದ ‘ಪೇರ್’ ಯೋಜನೆಯಲ್ಲಿ ಮೇಲ್ದರ್ಜೆಯ ಸಂಸ್ಥೆಯು ಚಕ್ರದ ನಾಭಿ, ಇತರ ವಿಶ್ವವಿದ್ಯಾನಿಲಯಗಳು ಅರಗಳು. ಕನ್ನಡದ ಹಸ್ತಪ್ರತಿಗಳ ವಿಷಯದಲ್ಲಾದರೋ ಮೈಸೂರು, ಧಾರವಾಡ, ಹಂಪಿಗಳೇ ನಾಭಿ. ದರ್ಜೆಯ ಪಟ್ಟಿಯನ್ನು ಸಿದ್ಧಪಡಿಸುವವರು ಓಲೆಯ ಕಟ್ಟುಗಳನ್ನು ಎಣಿಸುವುದಿಲ್ಲ.